ಸೀಟಿನ ಕೆಳಗಿನ ಲಕೋಟೆ

ಮೆಟ್ಟಿಲು ಎಷ್ಟೇ ಕಿರಿದಾಗಿರಲಿ, ಬೀರು ಎಷ್ಟೇ ದಪ್ಪಗಿರಲಿ, ಗೋಡೆಗೆ ಒಂದು ಗೀರು ಬೀಳದ ಹಾಗೆ ಇಳಿಸುತ್ತಾನೆ ಎಂಬ ಹೆಸರು ಅವನಿಗಿತ್ತು. ಮನೆ ಬದಲಾಯಿಸುವವರ ಸಾಮಾನು ಹೊರುವ ಗುಂಪಿಗೆ ಅವನೇ ಹಿರಿಯ. ಮಂಚವೋ ಫ್ರಿಜ್ಜೋ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡರೆ ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಅವನು ಒಂದು ಕಣ್ಣು ಮುಚ್ಚಿ ಅಳೆದು, "ತಲೆ ತಗ್ಗಿಸು, ಹೊಟ್ಟೆ ಗೋಡೆಗೆ ಕೊಡು, ಎಡಕ್ಕೆ, ಇನ್ನೂ ಎಡಕ್ಕೆ" ಅನ್ನುತ್ತಿದ್ದ. ಸಾಮಾನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇಳಿದುಬಿಡುತ್ತಿತ್ತು. ಹೀಗಾಗಿ ಮೂಲೆ ಮೇಸ್ತ್ರಿ ಎಂಬ ಹೆಸರು ಅಂಟಿಕೊಂಡಿತು. ಹೆಸರು ಬಂದರೆ ಸಾಲದು, ಅದನ್ನು ಹೊರುವಷ್ಟು ಬುದ್ಧಿಯೂ ಬೇಕು. ಅದು ಅವನಿಗಿರಲಿಲ್ಲ.

ಹೋದ ವರ್ಷ ಗುಂಪಿನ ಹಗ್ಗ ಅಪ್ಪನಾದ. ಹಗ್ಗ ಅಂದರೆ ಲಾರಿಯಲ್ಲಿ ಸಾಮಾನು ಬಿಗಿಯುವವನು. ಅವನು ಹಾಕಿದ ಗಂಟನ್ನು ಅವನೇ ಬಿಚ್ಚಬೇಕು, ಅಂಥ ಕೈ. ಊಟದ ಹೊತ್ತಿಗೆ ಓಡಿಬಂದು, "ಗಂಡು ಮಗು ಅಣ್ಣ! ಒಳಗೆ ಅಡ್ಡ ಮಲಗಿತ್ತಂತೆ, ಆಪರೇಷನ್ ಮಾಡಿ ತೆಗೆದ್ರು" ಅಂದ.

"ಅಡ್ಡ ಇದ್ರೆ ತಿರುಗಿಸ್ಬೇಕಪ್ಪ. ನಾನು ದಿನಾ ಮಾಡೋದೇನು ಮತ್ತೆ? ಬೀರು ಸಿಕ್ಕಾಕ್ಕೊಂಡ್ರೆ ಗೋಡೆ ಒಡೀತೀನಾ?" ಅಂದ ಮೇಸ್ತ್ರಿ.

"ಅದೇನೋಪ್ಪ, ಡಾಕ್ಟರು ಹೇಳಿದ್ರು..."

"ಡಾಕ್ಟರಿಗೇನು, ಬೇಗ ಮುಗಿಸಿ ಮನೆಗೆ ಹೋಗ್ಬೇಕು. ನಿನ್ ಹೆಂಡ್ತಿ ಹೆತ್ತಿಲ್ಲ ಕಣೋ ಹಗ್ಗ, ಪ್ಯಾಕಿಂಗ್ ಬಿಚ್ಚಿಸ್ಕೊಂಡಿದಾಳೆ."

ಲಾರಿ ಡ್ರೈವರ್ ಕುಡಿಯುತ್ತಿದ್ದ ನೀರು ಮೂಗಿನಿಂದ ಬಂತು. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಗ್ಗನೂ ನಕ್ಕ. ನಗದಿದ್ದರೆ, ಇವನಿಗೆ ತಮಾಷೆಯೂ ತಡೆಯಲ್ಲ ಅಂತ ಇನ್ನೊಂದು ಮಾತು ಬೀಳುತ್ತದಲ್ಲ! ಆವತ್ತಿನಿಂದ ಕೆಲಸದಲ್ಲಿ ಯಾವ ರಟ್ಟಿನ ಪೆಟ್ಟಿಗೆ ಕುಯ್ದರೂ ಯಾರಾದರೂ ಒಬ್ಬ "ನಿಧಾನ, ಆಪರೇಷನ್ ಕೇಸು" ಅನ್ನುವುದು, ಎಲ್ಲರೂ ಹಗ್ಗನ ಕಡೆ ನೋಡುವುದು, ಹಗ್ಗ ಹಲ್ಲು ಬಿಡುವುದು, ಇದು ವಾಡಿಕೆಯೇ ಆಯಿತು. ನಾಲಿಗೆಗೆ ಎಲುಬಿಲ್ಲ ನಿಜ. ಆದರೆ ಅದು ತಗುಲುವ ಕಡೆ ಎಲುಬಿರುತ್ತದೆ, ಅದು ಮುರಿಯುತ್ತದೆ. ಇದು ಮೇಸ್ತ್ರಿಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಈ ವರ್ಷ ಮೇಸ್ತ್ರಿಯ ಹೆಂಡತಿ ಬಸುರಿ. ಎಂಟು ತಿಂಗಳು ತುಂಬಿದ ಮೇಲೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಊರಾಚೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ. ನರ್ಸು ಅವಳನ್ನು ತೂಕ ನೋಡಲು ಕರೆದುಕೊಂಡು ಹೋಗಿದ್ದಾಗ ಡಾಕ್ಟರಮ್ಮ ಇವನನ್ನು ಒಳಗೆ ಕರೆದರು. ಒಂದು ಕಾಗದದ ಮೇಲೆ ಬೋರಲು ಹಾಕಿದ ಗಡಿಗೆಯಂಥ ಚಿತ್ರ ಬರೆದರು. ಗಡಿಗೆಯ ಬಾಯಿಗೆ ಪೆನ್ನಿನಿಂದ ಕಪ್ಪಗೆ ತುಂಬಿದರು.

"ಇದು ಗರ್ಭ. ಇದು ಅದರ ಬಾಯಿ. ಮಾಸು ಮೇಲ್ಗಡೆ ಅಂಟಿಕೊಂಡಿರಬೇಕಿತ್ತು, ಇವರಿಗೆ ಕೆಳಗಡೆ ಬಾಯಿಗೇ ಅಡ್ಡ ಕೂತಿದೆ, ಪೂರ್ತಿ. ಮಗುಗೆ ಊಟ, ಉಸಿರು ಎಲ್ಲಾ ಬರೋದು ಆ ಮಾಸಿನಿಂದ. ಹೆರಿಗೆ ನೋವು ಶುರುವಾಗಿ ಬಾಯಿ ತೆರ್ಕೊಂಡ್ರೆ ಮಾಸು ಕಿತ್ತುಬರುತ್ತೆ. ತಾಯಿ ರಕ್ತ ಹೋಗುತ್ತೆ, ಮಗುಗೆ ಉಸಿರು ನಿಲ್ಲುತ್ತೆ. ಅದಕ್ಕೇ ನೋವು ಬರೋವರೆಗೂ ಕಾಯೋ ಹಾಗಿಲ್ಲ. ಮುಂದಿನ ಗುರುವಾರ ಬೆಳಿಗ್ಗೆ ಬಂದು ಸೇರಿ, ಆಪರೇಷನ್ ಮಾಡ್ತೀವಿ."

"ಅದು ತಾನಾಗೇ ಸರ್ಕೊಳ್ಳಲ್ವಾ ಮೇಡಂ?"

"ಈಗ ಸರ್ಕೊಳ್ಳಲ್ಲ," ಎಂದು ಆ ಚಿತ್ರವನ್ನೂ ಸ್ಕ್ಯಾನ್ ರಿಪೋರ್ಟನ್ನೂ ಒಂದು ಲಕೋಟೆಗೆ ಹಾಕಿ ಕೊಟ್ಟರು. "ಒಂದು ಹನಿ ರಕ್ತ ಕಂಡ್ರೂ ತಕ್ಷಣ ಆಸ್ಪತ್ರೆಗೆ ಬರಬೇಕು. ನೋವಿಲ್ಲ ಅಂತ ಸುಮ್ನಿರಬೇಡಿ, ಇದರಲ್ಲಿ ನೋವೇ ಇರಲ್ಲ. ಬೇರೆ ಯಾವ ಆಸ್ಪತ್ರೆಗೆ ಹೋದ್ರೂ ಈ ಲಕೋಟೆ ತೋರಿಸಿ, ಒಳಗೆ ಕೈ ಹಾಕಿ ಪರೀಕ್ಷೆ ಮಾಡಬೇಡಿ ಅಂತ ಹೇಳಿ. ಎಲ್ಲಿ, ಅವರನ್ನೂ ಕರೀರಿ, ನಾನೇ ಹೇಳ್ತೀನಿ."

"ಅವಳು ಹೆದರುಪುಕ್ಕಿ ಮೇಡಂ. ಮನೇಲಿ ನಿಧಾನವಾಗಿ ನಾನೇ ಹೇಳ್ತೀನಿ," ಅಂದ.

ಹೊರಗೆ ಕಾಯುವವರ ಸಾಲು ಬಾಗಿಲ ತನಕ ಬಂದಿತ್ತು. ಡಾಕ್ಟರಮ್ಮ ನಂಬಿದರು. ಹೆಂಡತಿಯ ಕಾಳಜಿ ಮಾಡುವ ಗಂಡ ಎಂದುಕೊಂಡಿರಬೇಕು.

ಇವನ ತಲೆಯಲ್ಲಿ ಆಗ ಇದ್ದದ್ದೇನು? ರಕ್ತವಲ್ಲ, ಮಗುವಲ್ಲ, ಆ ಕಪ್ಪು ಮಾಡಿದ ಗಡಿಗೆಯ ಬಾಯಿಯೂ ಅಲ್ಲ. ಡ್ರೈವರನ ಮೂಗಿನಿಂದ ಬಂದ ನೀರು! ನಾಳೆ ಇದೇ ಹುಡುಗರು, ಇದೇ ಹಗ್ಗ, "ಏನು ಮೇಸ್ತ್ರಿ, ನಿನ್ನದೂ ಪ್ಯಾಕಿಂಗ್ ಕೇಸಾ?" ಅಂದರೆ ಮುಖ ಎಲ್ಲಿಟ್ಟುಕೊಳ್ಳುವುದು? ಥೂ, ಆ ಮುಖಕ್ಕೆ ಬೆಂಕಿ ಬೀಳ!

ಹೆಂಡತಿ ಬೆಂಚಿನ ಮೇಲೆ ಕೂತು ಊದಿದ ಪಾದ ಚಪ್ಪಲಿಗೆ ತೂರಿಸುತ್ತಿದ್ದಳು.

"ಏನಂದ್ರು ರೀ?"

"ಎಲ್ಲಾ ಸರಿ ಇದೆಯಂತೆ. ರೆಸ್ಟ್ ತಗೊಳ್ಳಿ ಅಂದ್ರು."

"ಲಕೋಟೆ?"

"ಫೋಟೋಗಳು. ಕಪ್ಪು ಬಿಳುಪು ಮಸಿ, ನಿನಗೇನು ತಿಳಿಯುತ್ತೆ."

ಲಕೋಟೆಯನ್ನು ಮನೆಗೂ ತರಲಿಲ್ಲ. ಮಾರನೆಯ ದಿನ ಲಾರಿಯ ಸೀಟಿನ ಕೆಳಗೆ, ಹಳೆಯ ಕಂಬಳಿಗಳ ಅಡಿ ತುರುಕಿದ. ಬಾಣಂತನಕ್ಕೆ ಬರಬೇಕಿದ್ದ ಅತ್ತೆ ಫೋನು ಮಾಡಿ "ಯಾವಾಗ ಬರಲಿ ಅಳಿಯಂದಿರೇ?" ಅಂದಾಗ, "ಇನ್ನೂ ಟೈಮಿದೆ, ಮುಂದಿನ ತಿಂಗಳು ಬನ್ನಿ" ಅಂದ. ಒಂದು ಸುಳ್ಳಿಗೆ ಕಾವಲು ಕಾಯಲು ಇನ್ನೊಂದು ಸುಳ್ಳು ಬೇಕಾಗುತ್ತದೆ. ದಿನವೂ ಹಗ್ಗ ಅದೇ ಸೀಟಿನ ಮೇಲೆ ಕೂತು ಹಾಡು ಹೇಳಿಕೊಂಡು ಬರುತ್ತಿದ್ದ. ಮೇಸ್ತ್ರಿಗೆ ಮಾತ್ರ ಅಡಿಯಲ್ಲಿ ಏನೋ ಕುದಿಯುತ್ತಿದೆ ಅನ್ನಿಸುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಬುಧವಾರ ಬಂತು. ಬುಧವಾರ ರಾತ್ರಿ ಹೆಂಡತಿ ಅವನ ಕಾಲಿಗೆ ಎಣ್ಣೆ ತಿಕ್ಕಿದಳು. ಆಗಲೂ ಬಾಯಿ ಬಿಡಲಿಲ್ಲ. ಅಡ್ಡ ಇದ್ದದ್ದು ಸರಿದರೂ ಸರಿದೀತು ಎಂದು ಅತ್ತ ಹೊರಳಿ ಮಲಗಿದ.

ಗುರುವಾರ ಕೆಲಸಕ್ಕೆ ಹೋದ.

ಮಧ್ಯಾಹ್ನ ಯಾರದೋ ಮನೆಯ ಸಾಮಾನೆಲ್ಲ ಲಾರಿಗೆ ಏರಿಸಿ, ಹಗ್ಗ ಕೊನೆಯ ಗಂಟು ಬಿಗಿಯುತ್ತಿದ್ದಾಗ ಮೇಸ್ತ್ರಿಗೆ ಫೋನು ಬಂತು.

"ರೀ, ಗಾಬರಿ ಆಗಬೇಡಿ," ಅಂದಳು ಹೆಂಡತಿ. ಅವಳ ಧ್ವನಿ ತೆಳ್ಳಗೆ, ದೂರದಿಂದ ಬಂದಂತಿತ್ತು. "ರಕ್ತ ಹೋಗ್ತಾ ಇದೆ. ನೋವೇನೂ ಇಲ್ಲ. ನೀರು ಹೋಗೋದು ಅಂತಾರಲ್ಲ, ಅದೇ ಇರಬೇಕು ಅಂದ್ಕೊಂಡು ಸುಮ್ನಿದ್ದೆ. ಎರಡು ಸಲ ನೆಲ ಒರೆಸಿದೆ. ಈಗ ತಲೆ ಸುತ್ತುತ್ತಾ ಇದೆ."

"ಎಷ್ಟು ಹೊತ್ತಾಯ್ತು?"

"ಒಂದು ಗಂಟೆ ಆಗಿರಬೇಕು. ನೀವೇ ಹೇಳಿದ್ರಲ್ಲ ಎಲ್ಲಾ ಸರಿ ಇದೆ ಅಂತ."

ಆ ಒಂದು ಗಂಟೆ ಅವಳದಲ್ಲ, ಇವನದು. ಇವನು ಅವಳ ಕೈಯಿಂದ ಕದ್ದದ್ದು.

ಬೇರೆ ಗಾಡಿ ಹುಡುಕುವ ವ್ಯವಧಾನವಿರಲಿಲ್ಲ. ಯಾರದೋ ಸೋಫಾ, ಯಾರದೋ ಬೀರು ಹೊತ್ತ ಲಾರಿಯೇ ಮೇಸ್ತ್ರಿಯ ಬೀದಿಗೆ ನುಗ್ಗಿತು. ಮನೆ ಮೂರನೆಯ ಮಹಡಿ. ಬಾಗಿಲು ತೆರೆದೇ ಇತ್ತು. ಹೆಂಡತಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು, ಅದರೊಳಗೆ ಒರೆಸುವ ಬಟ್ಟೆ. ಬಂದವರಿಗೆ ನೆಲ ಕಾಣಿಸಬಾರದು ಅಂತ ಆ ಸ್ಥಿತಿಯಲ್ಲೂ ಕಾಲಿನಿಂದ ಚಾಪೆ ಎಳೆದುಕೊಳ್ಳುತ್ತಿದ್ದಳು. ನಾಚಬೇಕಾದವನು ಬಾಗಿಲಲ್ಲಿ ನಿಂತಿದ್ದ, ನಾಚಿಕೊಂಡವಳು ಅವಳು.

"ಕುರ್ಚಿ!" ಅಂದ ಹಗ್ಗ. ಕೈಗಳಿರುವ ಮರದ ಕುರ್ಚಿ ತಂದು, ಲಾರಿಯ ಕಂಬಳಿ ಹಾಸಿ ಅವಳನ್ನು ಕೂರಿಸಿದರು. ಹಗ್ಗ ಮಂಚದ ಮೇಲಿನ ಬೆಡ್‌ಶೀಟು ಎಳೆದು ಮಡಿಸಿ, ಅವಳ ಎದೆಯ ಮೇಲಿಂದ ಕುರ್ಚಿಗೆ ಸುತ್ತಿ ಕಟ್ಟಿದ. "ಅತ್ತಿಗೆ, ಹೊಟ್ಟೆ ಮೇಲೆ ಬಿಗಿದಿಲ್ಲ. ಕಣ್ಣು ಮುಚ್ಚಬೇಡಿ, ನನ್ನ ಮುಖ ನೋಡ್ತಾ ಇರಿ. ಚೆನ್ನಾಗಿಲ್ಲ, ಆದ್ರೂ ನೋಡಿ."

ನಾಲ್ಕು ಜನ ಎತ್ತಿದರು. ಮೊದಲ ತಿರುವು ಬಂತು. ಎಲ್ಲರೂ ರೂಢಿಯಂತೆ ಮೇಸ್ತ್ರಿಯ ಬಾಯಿ ನೋಡಿದರು. ಅವನ ಬಾಯಿಂದ ಎಡವೂ ಬರಲಿಲ್ಲ, ಬಲವೂ ಬರಲಿಲ್ಲ. ಕುರ್ಚಿಯ ಕಾಲಿನಿಂದ ಮೆಟ್ಟಿಲ ಮೇಲೆ ಒಂದೊಂದೇ ಹನಿ ಬೀಳುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಮೇಸ್ತ್ರಿ, ಹೇಳೋ!" ಎಂದು ಡ್ರೈವರ್ ಗದರಿಸಿದ.

ಕೊನೆಗೆ ಹಗ್ಗನೇ, "ಎಡಕ್ಕೆ. ಹಿಂದಿನವರು ಎತ್ತಿ. ಹಾಂ, ನಿಧಾನ," ಅಂದ. ಮೂರು ಮಹಡಿಯೂ ಅವನೇ ಹೇಳಿಕೊಂಡು ಇಳಿಸಿದ.

ಹತ್ತಿರದ ಆಸ್ಪತ್ರೆಗೆ ಏಳೆಂಟು ನಿಮಿಷದ ದಾರಿ. ಇದು ಸ್ಕ್ಯಾನ್ ಮಾಡಿಸಿದ ಆಸ್ಪತ್ರೆಯಲ್ಲ. ಇಲ್ಲಿ ಅವಳ ಹೆಸರೂ ಇಲ್ಲ, ಕಾಗದವೂ ಇಲ್ಲ. ಒಳಗೆ ಉದ್ದನೆಯ ಕೋಣೆ, ಹಸಿರು ಪರದೆ. ಒಬ್ಬ ನರ್ಸು ಕೈಗೆ ಸೂಜಿ ಹಾಕಿದಳು, ಇನ್ನೊಬ್ಬಳು ಬಿ.ಪಿ. ನೋಡಿದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಓಡಿಬಂದರು.

"ಎಷ್ಟು ತಿಂಗಳು? ನೋವಿದೆಯಾ? ಸ್ಕ್ಯಾನ್ ಮಾಡಿಸಿದ್ರಾ?"

"ಹೋದ ವಾರ ಮಾಡಿಸಿದ್ವಿ. ಎಲ್ಲಾ ಸರಿ ಇದೆ ಅಂದ್ರಂತೆ," ಎಂದು ಹೆಂಡತಿಯೇ ಹೇಳಿದಳು. ತುಟಿ ಬಿಳುಚಿಕೊಂಡಿತ್ತು. ಗಂಡನ ಕಡೆ ಕಣ್ಣು ಹೊರಳಿಸಿ, "ಅಲ್ವೇನ್ರೀ?" ಅಂದಳು.

"ರಿಪೋರ್ಟ್ ಎಲ್ಲಿ?"

ಇವನು ಹಗ್ಗನ ಕಡೆ ನೋಡಿದ. ಹಗ್ಗ ಪಕ್ಕದಲ್ಲೇ ಇದ್ದ. ಡಾಕ್ಟರಮ್ಮ ತಡಮಾಡಲಿಲ್ಲ. "ಹೆರಿಗೆ ಶುರುವಾಗಿದೆಯಾ ನೋಡೋಣ. ಕಾಲು ಮಡಚಿ ಅಮ್ಮಾ," ಎಂದು ಕೈಗವಸು ಎಳೆದುಕೊಂಡರು. ಎಡಗೈಗೆ ಒಂದು, ಬಲಗೈಗೆ ಒಂದು. ಅಷ್ಟು ಹೊತ್ತು ಇವನು ಬಾಯಿ ಬಿಡಲಿಲ್ಲ ಅಂದರೆ ನಂಬುತ್ತೀರಾ? ನಂಬಿ. ಗಂಡಸಿನ ಮಾನ ಎಂಬ ಕೊಳಕು ವಸ್ತು ಎರಡು ಕೈಗವಸು ಹಾಕಿಕೊಳ್ಳುವಷ್ಟು ಹೊತ್ತು ಗಂಟಲಲ್ಲೇ ಕೂತಿತ್ತು.

ಡಾಕ್ಟರಮ್ಮ ಬಗ್ಗಿದರು.

"ಮುಟ್ಟಬೇಡಿ!" ಎಂದು ಕಿರುಚಿದ. ಕೋಣೆಯೆಲ್ಲ ತಿರುಗಿ ನೋಡಿತು. "ಒಳಗೆ ಕೈ ಹಾಕಬೇಡಿ. ಮಾಸು... ಮಾಸು ಬಾಯಿಗೆ ಅಡ್ಡ ಕೂತಿದೆಯಂತೆ. ಪೂರ್ತಿ. ಇವತ್ತೇ ಆಪರೇಷನ್ ಅಂತ ಹೇಳಿದ್ರು. ರಿಪೋರ್ಟು ಲಾರಿ ಸೀಟಿನ ಕೆಳಗಿದೆ."

ಡಾಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತು. ಹಗ್ಗ ಏನೂ ಕೇಳದೆ ಲಾರಿಯ ಕಡೆ ಓಡಿದ.

"ಯಾರಿಗೆ ಹೇಳಿದ್ರು?" ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ನನಗೆ."

"ಇವರಿಗೆ?"

ಹೆಂಡತಿ ಅವನನ್ನು ನೋಡುತ್ತಿದ್ದಳು. ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ಅಡ್ರೆಸ್ ತಪ್ಪಿ ಬಾಗಿಲಿಗೆ ಬಂದು ನಿಂತವನನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಮುಖ ಆ ಕಡೆ ತಿರುಗಿಸಿದಳು. ತಳ್ಳುಮಂಚ ಉರುಳಿಕೊಂಡು ಒಳಗೆ ಹೋಯಿತು.

ಮೇಸ್ತ್ರಿ ಆಪರೇಷನ್ ಕಾಗದಕ್ಕೆ ಸಹಿ ಹಾಕಿದ. ಹಗ್ಗ ಲಕೋಟೆ ತಂದು ನರ್ಸಿಗೆ ಕೊಟ್ಟ. ಕೊಡುವ ಮುಂಚೆ ಅದರ ಮೇಲಿದ್ದ ಕಂಬಳಿಯ ಧೂಳನ್ನು ಅಂಗಿಗೆ ಒರೆಸಿದ. ಮೇಸ್ತ್ರಿಯ ಪಕ್ಕದಲ್ಲಿ ಕೂತ. ಬೈದಿದ್ದರೆ ಇವನಿಗೆ ಎಷ್ಟೋ ಹಗುರಾಗುತ್ತಿತ್ತು.

ಸಂಜೆಯಾಗುವ ಮುಂಚೆ ಹಿರಿಯ ಡಾಕ್ಟರು ಹೊರಗೆ ಬಂದರು. ಟೋಪಿ ಬೆವರಿನಿಂದ ಹಣೆಗೆ ಅಂಟಿತ್ತು.

"ಹೆಣ್ಣು ಮಗು. ತೂಕ ಕಮ್ಮಿ, ಗಾಜಿನ ಪೆಟ್ಟಿಗೇಲಿ ಇಟ್ಟಿದೀವಿ. ತಾಯಿಗೆ ಮೂರು ಬಾಟಲಿ ರಕ್ತ ಕೊಟ್ಟಿದೀವಿ, ನಾಲ್ಕನೇದು ಏರಿಸ್ತಾ ಇದೀವಿ. ಗರ್ಭಕೋಶ ತೆಗೀಬೇಕಾಗುತ್ತೇನೋ ಅಂತ ಒಂದು ಹಂತದಲ್ಲಿ ಭಯ ಆಗಿತ್ತು. ಉಳಿಸಿದೀವಿ."

"ಸಾರ್, ನಾನು..."

"ನಿಮಗೆ ಬೈಸ್ಕೋಬೇಕು ಅಂತ ಆಸೆ ಇದೆ, ಗೊತ್ತಾಗುತ್ತೆ. ನನಗೆ ಪುರುಸೊತ್ತಿಲ್ಲ. ಆ ಲಕೋಟೇಲಿ ಯಾರೋ ಪುಣ್ಯಾತ್ಗಿತ್ತಿ ಚಿತ್ರ ಬರೆದು ಹೇಳಿದಾರೆ. ಅದಕ್ಕಿಂತ ಹೆಚ್ಚು ನಾನೇನು ಹೇಳಲಿ?" ಎಂದು ಹೊರಟುಹೋದರು.

ಎರಡು ದಿನ ಹೆಂಡತಿ ಅವನ ಜೊತೆ ಮಾತಾಡಲಿಲ್ಲ. ನರ್ಸಿನ ಜೊತೆ ಮಾತಾಡುತ್ತಿದ್ದಳು, ಪಕ್ಕದ ಮಂಚದವಳ ಜೊತೆ ಮಾತಾಡುತ್ತಿದ್ದಳು, ಫೋನಿನಲ್ಲಿ ತಾಯಿಯ ಜೊತೆ ಮಾತಾಡಿದಳು. ಅತ್ತೆ ರೈಲು ಹತ್ತಿದ್ದರು. ತಾಯಿಗೂ ಅವಳು ಗಂಡನ ವಿಷಯ ಹೇಳಲಿಲ್ಲ. ಅವಳು ಮುಚ್ಚಿದ ಮಾನ ಇವನ ಬೆನ್ನಿಗೆ ಬೀರುವಿಗಿಂತ ಭಾರವಾಯಿತು.

ಮೂರನೆಯ ದಿನ ಹಗ್ಗನ ಹೆಂಡತಿ ಗಂಜಿಯ ಡಬ್ಬಿ ಹಿಡಿದುಕೊಂಡು ಬಂದಳು. ಸಣ್ಣ ಆಳಿನ, ಪಟಪಟ ಮಾತಿನ ಹೆಂಗಸು. ಹಗ್ಗ ಅವಳನ್ನು ಲಾರಿಯಲ್ಲಿ ಕರೆತಂದು ಕೆಳಗೇ ನಿಂತಿದ್ದ.

"ಅಯ್ಯೋ ಅಕ್ಕಾ, ಹಾಗೆ ನೆಟ್ಟಗೆ ಏಳಬಾರದು! ಪ್ರಾಣ ಹೋಗುತ್ತೆ. ಮೊದಲು ಪಕ್ಕಕ್ಕೆ ಹೊರಳಿ. ಹಾಂ. ಈಗ ಕಾಲು ಕೆಳಗೆ ಬಿಡಿ. ಹೊಲಿಗೆ ಮೇಲೆ ದಿಂಬು ಒತ್ತಿ ಹಿಡ್ಕೊಳ್ಳಿ, ಕೆಮ್ಮು ಬಂದ್ರೂ ಹಾಗೇ. ಈಗ ಕೈ ಊರಿ ಏಳಿ. ನೋಡಿದ್ರಾ? ನನಗೆ ಇದನ್ನ ಹೇಳಿಕೊಡೋರೇ ಇರಲಿಲ್ಲ, ಎರಡು ದಿನ ಮಗುಚಿ ಬಿದ್ದ ಜೀರುಂಡೆ ಥರ ಒದ್ದಾಡಿದ್ದೆ."

ಮೇಸ್ತ್ರಿಯ ಹೆಂಡತಿ ಮೊದಲ ಬಾರಿಗೆ ನಕ್ಕಳು. ನಕ್ಕ ಕೂಡಲೇ ಹೊಲಿಗೆ ಎಳೆದು "ಅಮ್ಮಾ!" ಅಂದಳು. ಮೇಸ್ತ್ರಿ ಕೈ ಚಾಚಿದ. ಅವಳು ಹಿಡಿಯಲಿಲ್ಲ, ಹಗ್ಗನ ಹೆಂಡತಿಯ ಭುಜ ಹಿಡಿದಳು. ಹಿಡಿದುಕೊಂಡೇ ಅವನನ್ನು ಕೇಳಿದಳು:

"ಯಾಕೆ ಹೇಳಲಿಲ್ಲ?"

ನೀನು ಹೆದರುತ್ತೀಯ ಅಂತ ಎನ್ನಬಹುದಿತ್ತು. ಡಾಕ್ಟರು ಸರಿಯಾಗಿ ಬಿಡಿಸಿ ಹೇಳಲಿಲ್ಲ ಎನ್ನಬಹುದಿತ್ತು. ಎರಡೂ ನಾಲಿಗೆ ತುದಿಗೆ ಬಂದವು. ಎರಡನ್ನೂ ನುಂಗಿದ.

"ಹುಡುಗರು ನಗ್ತಾರೆ ಅಂತ."

"ಏನಂತ ನಗ್ತಾರೆ?"

ಹಗ್ಗನ ಹೆಂಡತಿಯ ಮುಂದೆ ಅದನ್ನು ಹೇಳಬೇಕಿತ್ತು. ಅವಳು ಬಟ್ಟಲಿಗೆ ಗಂಜಿ ಬಗ್ಗಿಸುತ್ತಿದ್ದಳು. ನೆಲ ನೋಡಿಕೊಂಡು ಹೇಳಿದ. ಹೋದ ವರ್ಷ ತಾನು ಆಡಿದ ಮಾತನ್ನು, ಪ್ಯಾಕಿಂಗಿನ ಮಾತನ್ನು, ಅಕ್ಷರ ಬಿಡದೆ ಹೇಳಿದ. ವರ್ಷಪೂರ್ತಿ ಪೆಟ್ಟಿಗೆ ಕುಯ್ಯುವಾಗಲೆಲ್ಲ ಅಂದದ್ದನ್ನೂ ಹೇಳಿದ. ಅದೇ ಮಾತು ತನಗೆ ತಿರುಗಿ ಬೀಳುತ್ತದೆ ಅಂತ ಹೆದರಿದೆ ಅಂದ.

"ಅಷ್ಟೇನಾ?" ಅಂದಳು ಹೆಂಡತಿ.

ಇನ್ನೂ ಏನೋ ದೊಡ್ಡ ಕಾರಣ ಇರಬಹುದೇನೋ ಎಂದು ಅವಳು ಎರಡು ದಿನ ಯೋಚಿಸಿದ್ದಿರಬೇಕು. ಅವಳ ಜೀವದ ಎದುರು ತಕ್ಕಡಿಯಲ್ಲಿಟ್ಟಿದ್ದು ಇಷ್ಟೇ ಅಂತ ಗೊತ್ತಾದಾಗ ಅವಳ ಮುಖ ಇನ್ನಷ್ಟು ಬಿಳುಚಿತು.

ಆದರೆ ಮೇಸ್ತ್ರಿ ಎಣಿಸದೇ ಇದ್ದದ್ದು ಇನ್ನೊಂದಿತ್ತು. ಹಗ್ಗನ ಹೆಂಡತಿ ಬಟ್ಟಲು ಕೆಳಗಿಟ್ಟಳು. ಡಬ್ಬಿಯ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು, ಮತ್ತೆ ಹಾಕಿದಳು.

"ನಮ್ಮನೆಯವರು ಅಲ್ಲೇ ಇದ್ರಾ?"

"ಹೂಂ."

"ಅವರೂ ನಕ್ಕರಾ?"

ಇಲ್ಲ ಎಂದು ಒಂದು ಮಾತು ಅಂದಿದ್ದರೆ ಅವಳ ಸಂಸಾರದಲ್ಲಿ ಏನೂ ಅಲುಗುತ್ತಿರಲಿಲ್ಲ. ಆದರೆ ಇನ್ನೊಬ್ಬ ಹೆಂಗಸಿಗೆ ಸುಳ್ಳು ಹೇಳುವ ಧೈರ್ಯ ಇವನಲ್ಲಿ ಉಳಿದಿರಲಿಲ್ಲ. "ನಾನೇ ನಗಿಸಿದೆ ತಂಗಿ. ಅವನ ತಪ್ಪಲ್ಲ," ಅಂದ.

"ನಗಿಸಿದ್ದು ನೀವು. ನಕ್ಕಿದ್ದು ಅವರು ತಾನೆ?" ಅಂದಳು. ಪಟಪಟ ಮಾತು ನಿಂತುಹೋಗಿತ್ತು. "ಮನೇಲಿ ನನ್ನ ಗಾಯಕ್ಕೆ ಮುಲಾಮು ಹಚ್ಚಿ, ಅಲ್ಲಿ ಬಂದು ನಗ್ತಿದ್ರು. ಬರ್ತೀನಿ ಅಕ್ಕಾ. ಗಂಜಿ ಬಿಸಿ ಇರುವಾಗಲೇ ಕುಡೀರಿ."

ಮೇಸ್ತ್ರಿ ಅವಳಿಗಿಂತ ಮುಂಚೆ ಮೆಟ್ಟಿಲು ಹಾರಿಕೊಂಡು ಇಳಿದ. ಲಾರಿಯ ಹತ್ತಿರ ಹಗ್ಗ, ಡ್ರೈವರ್, ಇನ್ನಿಬ್ಬರು ಹುಡುಗರು ನಿಂತಿದ್ದರು.

"ಏನಣ್ಣ, ಅತ್ತಿಗೆ ಎದ್ದರಾ?" ಅಂದ ಹಗ್ಗ.

ಏದುಸಿರು ಬಿಡುತ್ತಾ ಮೇಸ್ತ್ರಿ ಎಲ್ಲವನ್ನೂ ಹೇಳಿದ. ಲಕೋಟೆ ಯಾಕೆ ಸೀಟಿನ ಕೆಳಗಿತ್ತು, ಯಾರ ನಗುವಿಗೆ ಹೆದರಿ ಇಟ್ಟಿದ್ದ ಎಲ್ಲ. "ಈಗ ನಗ್ರೋ," ಅಂದ. "ನನ್ನ ಹೆಂಡ್ತಿದೂ ಆಪರೇಷನ್ನೇ. ಬಾಯಿ ತುಂಬ ನಗ್ರಿ!"

ಯಾರೂ ನಗಲಿಲ್ಲ. ಒಬ್ಬನಾದರೂ ನಗಲಿ ಎಂದು ಅವನು ಒಬ್ಬೊಬ್ಬರ ಮುಖ ನೋಡಿದ. ಡ್ರೈವರ್ ಟೈರಿನ ಕಡೆ ನೋಡುತ್ತಿದ್ದ. ಹುಡುಗರು ಚಪ್ಪಲಿಯಿಂದ ಮಣ್ಣು ಕೆರೆಯುತ್ತಿದ್ದರು.

"ನಮ್ಮವಳಿಗೆ ಹೇಳಿದ್ಯಾ?" ಅಂದ ಹಗ್ಗ. ಅವನ ಕಣ್ಣು ಮೇಸ್ತ್ರಿಯ ಬೆನ್ನ ಹಿಂದೆ ಇತ್ತು.

"ಹೇಳ್ದೆ. ಅವಳೇ ಕೇಳಿದಳು."

"ನಾನು ನಕ್ಕಿದ್ದೂ?"

"ಹೂಂ."

ಹಗ್ಗ ಲಾರಿಯ ಬಾಗಿಲು ತೆಗೆದು ಹಿಡಿದ. ಅವನ ಹೆಂಡತಿ ಬಂದಳು, ಡಬ್ಬಿಯನ್ನು ಅವನ ಕೈಗೆ ಕೊಟ್ಟಳು, ಲಾರಿಯನ್ನು ದಾಟಿ ಬಸ್ ನಿಲ್ದಾಣದ ಕಡೆ ನಡೆದಳು. ಹಗ್ಗ ಡಬ್ಬಿ ಹಿಡಿದುಕೊಂಡು, ಬಾಗಿಲನ್ನು ಹಾಗೇ ಬಿಟ್ಟು, ಹತ್ತು ಹೆಜ್ಜೆ ಹಿಂದೆ ಹಿಂದೆ ಹೋದ. ಕರೆಯುವ ಧೈರ್ಯ ಅವನಿಗೂ ಇರಲಿಲ್ಲ.

"ಮೇಲೆ ಹೋಗು ಮಾರಾಯ, ಅವಳೊಬ್ಬಳೇ ಇದಾಳೆ," ಅಂದ ಡ್ರೈವರ್.

ಮೇಸ್ತ್ರಿ ಮೇಲೆ ಹೋದ. ನರ್ಸು ಮಗುವನ್ನು ಮೊದಲ ಸಲ ಹಾಲಿಗೆ ತಂದುಕೊಟ್ಟಿದ್ದಳು. ಹೆಂಡತಿ ದಿಂಬು ಒತ್ತಿಕೊಂಡು, ಗೋಡೆಯ ಕಡೆ ತಿರುಗಿ ಕೂತಿದ್ದಳು. ಬಟ್ಟೆಯ ಸಂದಿಯಿಂದ ಇಷ್ಟೇ ಇಷ್ಟು ಕೆಂಪು ಕಾಲು ಕಾಣುತ್ತಿತ್ತು. ಬಾಗಿಲಲ್ಲೇ ನಿಂತ.

"ಬರಲಾ?" ಅಂದ.

ಅವಳು ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅವನು ಅಲ್ಲೇ ನಿಂತಿದ್ದ. ಹಿಂದಿನಿಂದ ಬಂದ ಆಯಾ, "ದಾರಿಗೆ ಅಡ್ಡ ನಿಲ್ಲಬೇಡಪ್ಪ, ಪಕ್ಕಕ್ಕೆ ನಿಂತ್ಕೋ," ಅಂದಳು. ಪಕ್ಕಕ್ಕೆ ಸರಿದು ನಿಂತುಕೊಂಡ.